ಇಪ್ಪತ್ತಾರು ಪಾಯಿಂಟ್ ಎರಡು

"ಎರಡೇ ಎರಡು ಪಾಯಿಂಟಲ್ಲಿ ತಪ್ಪಿಹೋಯ್ತು ಸಾರ್," ಎನ್ನುತ್ತ ಕೋಚಮ್ಮ ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟಳು. "ಇಪ್ಪತ್ತಾರು ಪಾಯಿಂಟ್ ನಾಲ್ಕು. ಹುಡುಗಿ ಬಟ್ಟೆ ಬದಲಾಯಿಸೋ ಕೋಣೇಲಿ ಕೂತು ಅಳ್ತಿದಾಳೆ. ನನ್ನ ದಾಖಲೆ ನಾನು ತಯಾರು ಮಾಡಿದ ಹುಡುಗಿಗೇ ಅಡ್ಡ ನಿಂತಿದೆ ನೋಡಿ."

ಬಸ್ಸಿನ ಚೀಟಿಗೆ ಸಹಿ ಹಾಕುತ್ತಿದ್ದ ಕ್ರೀಡಾ ನಿರ್ದೇಶಕರು ಪೆನ್ನು ಕೆಳಗಿಟ್ಟರು. ಇನ್ನೂರು ಮೀಟರ್ ಓಟದಲ್ಲಿ ಶಾಲೆಯ ದಾಖಲೆ ಇಪ್ಪತ್ತಾರು ಪಾಯಿಂಟ್ ಎರಡು ಸೆಕೆಂಡು. ಇಪ್ಪತ್ತನಾಲ್ಕು ವರ್ಷದಿಂದ ಹೊರಗೋಡೆಯ ಹಲಗೆಯ ಮೇಲೆ ಜಗ್ಗದೆ ಕೂತಿದೆ. ಅದನ್ನು ಓಡಿದವಳು ಹದಿನೈದರ ಹುಡುಗಿಯಾಗಿದ್ದ ಇದೇ ಕೋಚಮ್ಮ. ಆವತ್ತು ವಾಚು ಹಿಡಿದಿದ್ದವರು ನಿರ್ದೇಶಕರೊಬ್ಬರೇ.

ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಒಂದು ಸೀಟಿ, ಎರಡು ಬನಿಯನ್ನು ಹಿಡಿದುಕೊಂಡು ಕೋಚ್ ಆಗಿ ಬಂದಿದ್ದರು. ಹದಿನೇಳು ವರ್ಷ ಬಿಸಿಲಲ್ಲಿ ಕೂಗಿ ಕೂಗಿ ಗಂಟಲು ಹೋದ ಮೇಲೆ ಅವರನ್ನು ನಿರ್ದೇಶಕರನ್ನಾಗಿ ಮಾಡಿದರು. ಬಡ್ತಿ ಅಂದರೇನು ಅಂತ ಆಮೇಲೆ ಗೊತ್ತಾಯಿತು: ಬಸ್ಸು, ಬೀಗದ ಕೈ, ಹರಿದ ಬಲೆ, ಮಗನನ್ನು ತಂಡಕ್ಕೆ ಸೇರಿಸಲಿಲ್ಲವೆಂದು ಬೈಯುವ ಅಪ್ಪಂದಿರ ಫೋನು. "ಕುರ್ಚಿ ಸಿಕ್ಕಿತು, ಹೊಟ್ಟೆ ಬಂತು," ಎಂದು ಹೆಂಡತಿ ಚುಡಾಯಿಸುತ್ತಾರೆ. ತಮ್ಮ ಜಾಗಕ್ಕೆ ಕೋಚಮ್ಮನನ್ನೇ ಹಟ ಹಿಡಿದು ತಂದಿದ್ದರು. ಮಕ್ಕಳಿಲ್ಲದ ಮನುಷ್ಯ, ಅವಳ ಮದುವೆಯಲ್ಲಿ ಅವಳಪ್ಪನಿಗಿಂತ ಹೆಚ್ಚು ಓಡಾಡಿದವರು. ಆದರೂ ಆ ದಾಖಲೆಯ ಮಾತು ಬಂದಾಗಲೆಲ್ಲ ಅವರದು ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಕಥೆ.

"ಬಾಗಿಲು ಮುಂದೆ ಮಾಡಿ ಕೂತ್ಕೋ, ಮಿಡತೆ," ಎಂದರು.

ಅದು ಅವರೇ ಇಟ್ಟ ಹಳೆಯ ಹೆಸರು. ಅವಳು ನಗುತ್ತ ಕೂತಳು.

"ಆವತ್ತು ನಾನು ಶಬ್ದ ಕೇಳಿ ವಾಚು ಒತ್ತಿದೆ."

ನಗು ಅಲ್ಲೇ ನಿಂತಿತು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ವಾಚು ಹಿಡಿಯುವ ಮಕ್ಕಳಿಗೆ ಅವಳು ಕಲಿಸುವ ಮೊದಲ ಪಾಠವೇ ಅದು. ಇನ್ನೂರು ಮೀಟರ್ ಓಟ ಹೊರಡುವುದು ಮೈದಾನದ ಆಚೆ ಮೂಲೆಯಿಂದ. ಪಿಸ್ತೂಲಿನ ಹೊಗೆ ಆ ಕ್ಷಣವೇ ಕಾಣುತ್ತದೆ, ಶಬ್ದ ಮಾತ್ರ ಓಟ ಮುಗಿಯುವ ಗೆರೆಯಲ್ಲಿ ನಿಂತವರಿಗೆ ಸುಮಾರು ಮೂರು ಪಾಯಿಂಟ್ ತಡವಾಗಿ ಬರುತ್ತದೆ. ಶಬ್ದಕ್ಕೆ ಕಾದರೆ ಓಡುವವಳು ಆಗಲೇ ಓಡುತ್ತಿರುತ್ತಾಳೆ, ವಾಚು ಇನ್ನೂ ಮಲಗಿರುತ್ತದೆ.

"ಆ ಮೂರು ಪಾಯಿಂಟ್ ಸೇರಿಸಿದ್ರೆ ಇಪ್ಪತ್ತಾರು ಪಾಯಿಂಟ್ ಐದು," ಎಂದಳು ಮೆಲ್ಲಗೆ. "ಅಂದ್ರೆ ಹುಡುಗಿ ಇವತ್ತು ನನ್ನ ಮೀರಿಸಿದಾಳೆ."

"ಹೂಂ."

"ನಿಮಗೆ ಯಾವಾಗ ಗೊತ್ತಾಯ್ತು?"

"ಒತ್ತಿದ ಕೂಡ್ಲೇ. ಹೇಳೋಣ ಅಂತ ಬರೋಷ್ಟರಲ್ಲಿ ಪೇಂಟರ್ ಏಣಿ ಹತ್ತಿದ್ದ. ನೀನು ಕೆಳಗೆ ನಿಂತು ನಿನ್ನ ಹೆಸರು ನೋಡ್ತಿದ್ದೆ. ಬಾಯಿ ಬರಲಿಲ್ಲ."

"ಹೊಗೆ ನೋಡ್ಬೇಕು ಅಂತ ಗೊತ್ತಿರಲಿಲ್ವಾ ಸಾರ್?"

"ಗೊತ್ತಿತ್ತು. ನೀನು ಬೆಳಿಗ್ಗೆಯಿಂದ ಮೀನಖಂಡ ಹಿಡ್ಕೊಂಡಿದೆ ಅಂತಿದ್ದೆ. ನಿನ್ನ ಕಾಲೇ ನೋಡ್ತಾ ನಿಂತುಬಿಟ್ಟೆ."

ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆದಳು. "ಅಪ್ಪ ಓಟ ಬಿಡಿಸ್ತೀನಿ ಅಂದಾಗ ಅವರನ್ನ ಕರ್ಕೊಂಬಂದು ನಾನು ತೋರಿಸಿದ್ದು ಆ ಹಲಗೇನೇ ಸಾರ್. ಆ ನಂಬರ್ ಹೇಳ್ಕೊಂಡೇ ನಾನು ಇಲ್ಲೀವರೆಗೆ ಬಂದಿದ್ದು." ವಾಚು ತೆಗೆದುಕೊಂಡು ಎದ್ದುಹೋದಳು.

ಮರುದಿನ ಅವಳೇ ಸ್ಟೂಲು ಹತ್ತಿ ತನ್ನ ಹೆಸರನ್ನು ಒರೆಸಿ, ಹುಡುಗಿಯ ಹೆಸರನ್ನು ತನ್ನ ಕೈಯಾರೆ ಬರೆದಳು. ನಿರ್ದೇಶಕರು ಕಿಟಕಿಯಿಂದ ನೋಡಿದರು. ದಿನವೂ ಹನ್ನೊಂದಕ್ಕೆ ಟೀ ಕುಡಿಯಲು ಬರುತ್ತಿದ್ದವಳು ನಾಲ್ಕು ದಿನ ಬರಲಿಲ್ಲ. ಜವಾನ ಅಭ್ಯಾಸಬಲದಿಂದ ಎರಡು ಲೋಟ ತರುತ್ತಿದ್ದ, ಒಂದನ್ನು ಕೆನೆಗಟ್ಟಿದ ಮೇಲೆ ವಾಪಸು ಒಯ್ಯುತ್ತಿದ್ದ. ಇನ್ನು ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ನಿವೃತ್ತಿಯ ಜೊತೆ ಈ ಗುಟ್ಟೂ ಮನೆಗೆ ಹೋಗುತ್ತಿತ್ತಲ್ಲ ಎಂದು ಹೆಂಡತಿಯ ಮುಂದೆ ಹಲುಬಿದರು.

"ಹೇಳಿದ್ದು ಸರಿ," ಎಂದರು ಹೆಂಡತಿ. "ಹೇಳಿದ ಮೇಲೂ ಅವಳು ನಗ್ತಾ ಬರಲಿ ಅನ್ನೋದು ದುರಾಸೆ."

ಐದನೆಯ ದಿನ ಅವರದೇ ಮೈದಾನದಲ್ಲಿ ಅಂತರಶಾಲಾ ಕೂಟ. ವಾಚು ಹಿಡಿಯಬೇಕಾದ ಮೇಷ್ಟ್ರು ಜ್ವರ ಬಂದು ಮಲಗಿದ್ದರು. ಬದಲಿಗೆ ಯಾರನ್ನು ಹುಡುಕುವುದೆಂದು ನಿರ್ದೇಶಕರು ಗೆರೆಯ ಪಕ್ಕ ತಲೆ ಕೆರೆದುಕೊಳ್ಳುತ್ತಿದ್ದಾಗ ಕೋಚಮ್ಮ ಮೆಟ್ಟಿಲಿಳಿದು ಬಂದು ವಾಚು ಚಾಚಿದಳು.

"ಬೇರೆ ಯಾರಿಗಾದ್ರೂ ಕೊಡು," ಎಂದರು. "ನಾನು ಅದನ್ನ ಮುಟ್ಟಿ ಏಳು ವರ್ಷ ಆಯ್ತು."

ಅವಳು ವಾಚಿನ ದಾರವನ್ನು ಅವರ ಕೊರಳಿಗೆ ಹಾಕಿ, ಅಂಗಿಯ ಕಾಲರು ಸರಿಮಾಡಿದಳು. ಆಮೇಲೆ ಅವರ ಮಗ್ಗುಲಲ್ಲೇ ನಿಂತಳು.

ಆಚೆ ಮೂಲೆಯಲ್ಲಿ ಹುಡುಗಿ ಬಗ್ಗಿ ನೆಲಕ್ಕೆ ಬೆರಳೂರಿದ್ದಳು. ಮೊಣಕಾಲಿಗೆ ಬಿಳಿ ಪಟ್ಟಿ ಸುತ್ತಿತ್ತು. ನಿರ್ದೇಶಕರ ಕಣ್ಣು ತಾನಾಗಿಯೇ ಅಲ್ಲಿಗೆ ಹೋಯಿತು.

"ಅವಳನ್ನ ನಾನು ನೋಡ್ಕೋತೀನಿ," ಎಂದಳು ಮಿಡತೆ. "ನೀವು ಹೊಗೆ ನೋಡಿ ಸಾರ್."

ಕಣ್ಣು ಮಂಜಾಯಿತು, ಒರೆಸಿಕೊಳ್ಳಲು ಹೊತ್ತಿರಲಿಲ್ಲ. ದೂರದಲ್ಲಿ ಒಂದು ಕೈ ಮೇಲೆದ್ದಿತು. ಅದರ ತುದಿಯಲ್ಲಿ ಹಿಡಿಯಷ್ಟು ಬಿಳಿ ಹೊಗೆ ಅರಳಿತು. ಹೆಬ್ಬೆರಳು ಒತ್ತಿತು. ಶಬ್ದ ಇನ್ನೂ ಮೈದಾನ ದಾಟುತ್ತಿತ್ತು.