ಗೆದ್ದಲು ಮುಟ್ಟದ ಚೌಕಟ್ಟು

ಬಾಡಿಗೆ ಕ್ಯಾರವಾನಿನ ಟ್ಯಾಂಕಿಗೆ ನೀರು ತುಂಬಿಸಲೆಂದು ಅಣ್ಣ ಆ ಊರಲ್ಲಿ ನಿಲ್ಲಿಸಿದ. ಹಿಂದೆ ಅವನು ಅಲ್ಲಿ ಕೆಲವು ವರ್ಷ ಕೆಲಸಕ್ಕಿದ್ದ. ಅಂಚೆ ಕಚೇರಿಯ ಪಕ್ಕದ ಎರಡು ಕೋಣೆಗಳಲ್ಲಿ ಒಂದು ಸಣ್ಣ ಚಿತ್ರಶಾಲೆಯಿತ್ತು.

"ನೋಡ್ಕೊಂಡು ಬರೋಣ" ಅಂದರು ಅತ್ತಿಗೆ.

"ಅಲ್ಲೇನಿದೆ ಮಣ್ಣು? ನೀವು ಹೋಗ್ಬನ್ನಿ. ನಂಗೆ ನೀರು ತುಂಬೋದಿದೆ" ಅಂದ ಅಣ್ಣ.

ಟ್ಯಾಂಕು ಆಗಲೇ ತುಂಬಿ ನೀರು ರಸ್ತೆಗೆ ಹರಿಯುತ್ತಿತ್ತು.

ನಾನು ಚಿತ್ರಗಳಿಗೆ ಫ್ರೇಮ್ ಹಾಕುವವನು. ಉಳಿದವರು ಚಿತ್ರ ನೋಡಿದರೆ ನಾನು ಮೂಲೆ ನೋಡುತ್ತೇನೆ. ಎರಡನೇ ಕೋಣೆಯಲ್ಲಿ ದೋಣಿಯ ಚಿತ್ರವೊಂದರ ಚೌಕಟ್ಟು ಕೆಳಗಿನ ಎಡಮೂಲೆಯಲ್ಲಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತ್ತು, ಅದಕ್ಕೆ ಮೇಣ ಮೆತ್ತಿತ್ತು. ಆ ತಪ್ಪು ನನ್ನದೇ. ಕೆಲಸ ಕಲಿಯುವಾಗ ಮಾಡಿದ ಮೊದಲ ಚೌಕಟ್ಟು ಅದು, ಅಪ್ಪ ಬರೆದ ಅಮ್ಮನ ಚಿತ್ರಕ್ಕೆ ಮಾಡಿದ್ದು. ಅಮ್ಮ ಫೋಟೋಕ್ಕೆ ನಿಲ್ಲುತ್ತಿರಲಿಲ್ಲ. ಅವಳ ಮುಖ ಉಳಿದದ್ದು ಆ ಒಂದು ಕ್ಯಾನ್ವಾಸಿನಲ್ಲಿ, ಸೂಜಿಗೆ ದಾರ ಪೋಣಿಸುತ್ತ. ಮೂರು ವರ್ಷದ ಹಿಂದೆ ಈ ಊರು ಬಿಡುವಾಗ ಅಣ್ಣ ಫೋನ್ ಮಾಡಿ, ತನ್ನ ಮನೆಯಲ್ಲಿದ್ದ ಅದನ್ನು ಗೆದ್ದಲು ತಿಂದುಬಿಟ್ಟಿತು ಅಂದಿದ್ದ.

ಚಿತ್ರಶಾಲೆಯ ಯಜಮಾನಿಯನ್ನು ಕೇಳಿಕೊಂಡು ಚಿತ್ರವನ್ನು ತಿರುಗಿಸಿದೆ.

"ಕೊಳ್ಳೋರು ಯಾರೂ ಬೆನ್ನು ನೋಡಲ್ಲ" ಅಂದರು ಅವರು, ನನ್ನ ಕೈಯ ಮೇಲೇ ಕಣ್ಣಿಟ್ಟು.

ನನ್ನ ಎಡಗೈ ಹೊಡೆದ ಓರೆ ಮೊಳೆಗಳು. ಪೆನ್ಸಿಲಿನಲ್ಲಿ ನನ್ನದೇ ಅಕ್ಷರ: ಅಮ್ಮ, ಈ ಕಡೆ ಮೇಲೆ. ಮರದಲ್ಲಿ ಒಂದೇ ಒಂದು ತೂತಿಲ್ಲ.

"ಇದೆಲ್ಲಿ ಸಿಕ್ತು?"

"ಗುಜರಿಯವನ ಹತ್ರ. ಬರೀ ಫ್ರೇಮು. ಯಾಕೆ, ಏನಾಯ್ತು?"

ಅತ್ತಿಗೆ ಹೂದಾನಿಯ ಚಿತ್ರವೊಂದನ್ನು ತುಂಬಾ ಹೊತ್ತಿನಿಂದ ನೋಡುತ್ತಿದ್ದರು.

"ಅತ್ತಿಗೆ, ಇದು ಅಮ್ಮನ ಚಿತ್ರದ ಫ್ರೇಮು. ನಿಮಗೆ ಗೊತ್ತಿತ್ತಾ?"

"ಗೆದ್ದಲು ಅಂದ್ರು ನಿಮ್ಮಣ್ಣ. ನಾನೇನು ಗೆದ್ದಲನ್ನ ಕಣ್ಣಾರೆ ನೋಡ್ಲಿಲ್ಲ."

ಕ್ಯಾರವಾನಿನಲ್ಲಿ ಅಣ್ಣ ಮಡಚುವ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದ.

"ಭಾರೀ ನಾಜೂಕಿನ ಗೆದ್ದಲು ಅಣ್ಣ ಅದು" ಅಂದೆ. "ಮರ ಬಿಟ್ಟು ಅಮ್ಮನ್ನ ಮಾತ್ರ ತಿಂದಿದೆ."

ಅವನು ನಕ್ಷೆ ಮಡಚಲು ಹೊರಟ. ಅದು ಸರಿಯಾಗಿ ಮಡಚಿಕೊಳ್ಳಲಿಲ್ಲ.

"ಹಂಗಂದಿಲ್ದಿದ್ರೆ ನೀನು ಒಯ್ತಿದ್ದೆ. ಫ್ರೇಮು ನಂದು, ಚಿತ್ರಾನೂ ನಂದು ಅಂತ. ನಿನ್ನ ಅಂಗಡೀಲಿ ನೇತುಹಾಕಿ ಗಿರಾಕಿಗಳಿಗೆ ತೋರಿಸೋಕೆ."

"ಮಾರ್ಬಿಟ್ಯಾ?"

"ಥೂ. ಫ್ರೇಮಿಂದ ಬಿಚ್ಚಿ, ಸುತ್ತಿ, ಪೈಪಲ್ಲಿಟ್ಟಿದೀನಿ. ಅಟ್ಟದ ಮೇಲೆ. ಇವಳಿಗೂ ಹೇಳಿಲ್ಲ."

"ಚೆನ್ನಾಗಿದೆ ನಮ್ಮ ಸಂಸಾರ" ಅಂದರು ಅತ್ತಿಗೆ.

"ಬಣ್ಣ ಒಳಗಡೆ ಬರೋ ಹಂಗೆ ಸುತ್ತಿದೀಯಾ, ಹೊರಗಡೆನಾ?" ಅಂದೆ.

"ಒಳಗಡೆ. ಧೂಳು ಕೂರಬಾರದಲ್ಲ." ಇಷ್ಟಾದರೂ ಸರಿಯಾಗಿ ಮಾಡಿದೆ ಎಂಬ ಧಾಟಿಯಿತ್ತು ಅವನ ಮಾತಿನಲ್ಲಿ.

ಎಣ್ಣೆಬಣ್ಣವನ್ನು ಒಳಮುಖವಾಗಿ ಸುತ್ತಿದರೆ ಅದು ಇರುಕಿ ಬಿರಿಯುತ್ತದೆ. ಬಿಡಿಸುವಾಗ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಅದೂ ಕಾದ ಅಟ್ಟದಲ್ಲಿ ಮೂರು ವರ್ಷ.

"ನೀನು ಅದನ್ನ ಬಿಡಿಸಬೇಡ" ಅಂದೆ. "ಹಂಗೇ ನನ್ನ ಕೈಗೆ ಕೊಡು."

ಅಣ್ಣ ಅತ್ತಿಗೆಯ ಕಡೆ ತಿರುಗಿದ.

"ನೋಡ್ದ್ಯಾ? ಇದಕ್ಕೇ ನಾನು ಗೆದ್ದಲು ಅಂದಿದ್ದು."