ಊಟದ ಕೋಣೆಯ ರೇಡಿಯೋ

ಕೆಮ್ಮುತ್ತಾರೆ ಎಂಬ ಕಾರಣ ಕೊಟ್ಟು ರೇಡಿಯೋ ಕಾರ್ಖಾನೆಯವರು ಪ್ಲಾಸ್ಟಿಕ್ ಕವಚ ಎರೆಯುವ ಅಚ್ಚಿನ ವಿಭಾಗದ ಹೆಂಗಸರನ್ನೆಲ್ಲ ಒಂದೇ ಮಧ್ಯಾಹ್ನ ಕೆಲಸದಿಂದ ತೆಗೆದರು. ಅವರ ಲಾಕರುಗಳ ಬೀಗ ಒಡೆದು, ಒಳಗಿದ್ದ ಬಟ್ಟೆ, ಚಪ್ಪಲಿ, ಬಾಚಣಿಗೆಗಳನ್ನು ಗೇಟಿನ ಹೊರಗೆ ಸುರಿದರು. ಆ ಹೆಂಗಸರಲ್ಲಿ ಒಬ್ಬಳು ಬಿಸಿಲಕ್ಕನ ಅಕ್ಕ. ಮುಂದಿನ ಚಳಿಗಾಲ ಮುಗಿಯುವುದರೊಳಗೆ ಅವಳು ಸತ್ತಳು.

ಅದಾಗಿ ಒಂದು ತಲೆಮಾರೇ ಕಳೆದಿದೆ.

ಬಿಸಿಲಕ್ಕ ಎಂಬುದು ಕೆಳಗಿನ ಮನೆಯ ದರ್ಜಿಯ ಹೆಂಡತಿ ಇಟ್ಟ ಅಡ್ಡಹೆಸರು. ಹಳೆಯ ರೇಡಿಯೋ, ಟೆಲಿಫೋನು, ಕಂಪ್ಯೂಟರುಗಳ ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಮತ್ತೆ ಬೆಳ್ಳಗೆ ಮಾಡುವುದು ಅವಳ ಕಸುಬು. ಕೂದಲಿನ ಬಣ್ಣ ತೆಗೆಯಲು ಕ್ಷೌರದಂಗಡಿಯವರು ಬಳಸುವ ಕ್ರೀಮನ್ನು ಡಬ್ಬಿಗಟ್ಟಲೆ ತರುತ್ತಾಳೆ. ಯಂತ್ರವನ್ನು ಬಿಚ್ಚಿ, ಕವಚವನ್ನು ಮಾತ್ರ ಸೋಪಿನ ನೀರಿನಲ್ಲಿ ತೊಳೆದು, ಕುಂಚದಿಂದ ಕ್ರೀಮು ಬಳಿದು, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ತಾರಸಿಯ ಮೇಲೆ ಇಡುತ್ತಾಳೆ. ಉಳಿದದ್ದು ಬಿಸಿಲಿನ ಕೆಲಸ. ಆದರೆ ಬಿಸಿಲನ್ನು ನಂಬಿ ಮಲಗುವಂತಿಲ್ಲ. ಹಾಳೆಯ ಕೆಳಗೆ ಒಂದು ಗುಳ್ಳೆ ಉಳಿದರೂ ಅಲ್ಲಿ ತೊನ್ನಿನಂಥ ಮಚ್ಚೆ ಮೂಡುತ್ತದೆ. ಅದನ್ನು ಯಾವ ಮದ್ದೂ ಅಳಿಸುವುದಿಲ್ಲ. ಹಾಗಾಗಿ ಅವಳು ದಿನವಿಡೀ ತಲೆಗೆ ಟವೆಲ್ಲು ಸುತ್ತಿಕೊಂಡು ಪಕ್ಕದಲ್ಲೇ ಕೂತು, ಮಗುವಿನ ಬೆನ್ನು ನೀವಿದ ಹಾಗೆ ಹಾಳೆಯನ್ನು ನೀವುತ್ತಿರುತ್ತಾಳೆ.

"ಬಿಸಿಲಕ್ಕಾ, ನನ್ನ ಗಂಡನಿಗೂ ಒಂದ್ಸಲ ಆ ಮದ್ದು ಬಳಿದು ಒಣಗಿಸ್ಕೊಡು. ಮದುವೇಲಿ ಇದ್ದ ಬಣ್ಣ ಬರುತ್ತೋ ನೋಡೋಣ!" ಎಂದು ದರ್ಜಿಯ ಹೆಂಡತಿ ಮೆಟ್ಟಿಲ ಬುಡದಿಂದ ಕೂಗುತ್ತಾಳೆ.

"ಮೊದಲು ಬಿಚ್ಬೇಕಾಗುತ್ತೆ ಕಣೇ. ಬಿಚ್ಚಿದ್ಮೇಲೆ ಜೋಡಿಸೋಕೆ ಬರ್ದಿದ್ರೆ ನನ್ನ ಬೈಬಾರ್ದು."

ನಗು ಮೆಟ್ಟಿಲು ಹತ್ತಿ ಬರುತ್ತದೆ. ದರ್ಜಿಯ ಹೆಂಡತಿ ಬರುವುದಿಲ್ಲ; ಅವಳಿಗೆ ಹೊಲಿಗೆ ಯಂತ್ರ ಬಿಟ್ಟು ಏಳಲು ಪುರುಸೊತ್ತಿಲ್ಲ. ಬಿಸಿಲಕ್ಕನ ಕೋಣೆಗೆ ಬರುವವನು ಒಬ್ಬನೇ, ಅಕ್ಕನ ಗಂಡ. ಭಾನುವಾರ ಬೆಳಿಗ್ಗೆ ಮೊಣಕಾಲನ್ನು ಬೈಯುತ್ತ ಮೂರು ಮಹಡಿ ಹತ್ತಿ ಬರುತ್ತಾನೆ. ಇರುವ ಒಂದು ಕುರ್ಚಿಯಲ್ಲಿ ಅವನು, ಮಂಚದ ಅಂಚಿನಲ್ಲಿ ಅವಳು. ಚಹಾ ಕುಡಿಯುತ್ತಾರೆ. ಅಕ್ಕನ ವಿಷಯ ಇಬ್ಬರೂ ಎತ್ತುವುದಿಲ್ಲ. ಬಿಸಿಲಕ್ಕನನ್ನು 'ಪುಟ್ಟಿ' ಎಂದು ಕರೆಯುವವರು ಈ ಭೂಮಿಯ ಮೇಲೆ ಈಗ ಅವನೊಬ್ಬನೇ. ಅವನು ಇಳಿದುಹೋದ ಮೇಲೂ ಆ ಎರಡಕ್ಷರ ಕೋಣೆಯಲ್ಲಿ ಸ್ವಲ್ಪ ಹೊತ್ತು ಇರುತ್ತದೆ. ಆಮೇಲೆ ಅದೂ ಹೋಗುತ್ತದೆ. ಮುಂದಿನ ಭಾನುವಾರದವರೆಗೆ ಅವಳ ಬಾಯಿಗೆ ಕೆಲಸವೆಂದರೆ ಮೆಟ್ಟಿಲ ಮೇಲಿನ ತಮಾಷೆ ಮತ್ತು ಗಿರಾಕಿಯ ಫೋನು, ಅಷ್ಟೇ.

ಒಂದು ಭಾನುವಾರ ಭಾವ ಗಂಟೊಂದನ್ನು ಹೊತ್ತು ತಂದ. ಬಿಚ್ಚಿದರೆ ದೊಡ್ಡದೊಂದು ರೇಡಿಯೋ. ಜಿಡ್ಡು ಎಷ್ಟಿತ್ತೆಂದರೆ ಅದರ ಮೇಲೆ ಬೆರಳಿಟ್ಟರೆ ಬೆರಳೇ ಅಂಟಿಕೊಳ್ಳುತ್ತಿತ್ತು.

"ಕಾರ್ಖಾನೆಯವರು ಹಳೇ ಕಟ್ಟಡದಲ್ಲಿ ವಸ್ತುಪ್ರದರ್ಶನ ಮಾಡ್ತಾರಂತೆ ಪುಟ್ಟಿ. 'ನಮ್ಮ ದೊಡ್ಡ ಕುಟುಂಬ' ಅಂತ ಹೆಸರು. ಇದು ಉಗ್ರಾಣದಲ್ಲಿ ಬಿದ್ದಿತ್ತು. ಹೊಸದರ ಥರ ಬೆಳ್ಳಗೆ ಆಗ್ಬೇಕಂತೆ."

"ಕುಟುಂಬ ಅಂತೆ ಕುಟುಂಬ! ಮನೆಯವರನ್ನ ಗೇಟಿನಾಚೆ ಎಸೆದು ಅಗುಳಿ ಹಾಕ್ಕೊಳ್ಳೋದು ಯಾವ ಮನೇಲಿದೆ ಭಾವ?"

"ನೋಡು, ಶುರು ಮಾಡ್ಬೇಡ."

ಭಾವ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದವನು. ಹೆಂಡತಿಯನ್ನು ಹೊರಹಾಕಿದ ಮರುದಿನವೂ ಅವನು ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಔಷಧಿಯ ಬಾಟಲಿಗಳು ಖಾಲಿಯಾಗುತ್ತಿದ್ದವು, ಹೋಗದೆ ಏನು ಮಾಡುತ್ತಿದ್ದ? ಆ ಮರುದಿನವನ್ನು ಬಿಸಿಲಕ್ಕ ಯಾವತ್ತೂ ಅವನ ಮುಖಕ್ಕೆ ಹಿಡಿದವಳಲ್ಲ.

ಅವನು ಚಹಾದ ಲೋಟವನ್ನು ತಿರುಗಿಸುತ್ತ ಮೆಲ್ಲಗೆ ಹೇಳಿದ: "ಬಂದೋರಿಗೆ ಹಳೇ ಕಾಲದ ವಿಷಯ ಹೇಳೋಕೆ ಒಬ್ಬರು ಬೇಕಂತೆ. ಬಾಗಿಲ ಹತ್ರ ಕುರ್ಚಿ ಹಾಕ್ಕೊಡ್ತಾರೆ. ಶಾಲೆ ಮಕ್ಕಳೂ ಬರ್ತಾರಂತೆ. ನನ್ನ ಕೇಳಿದಾರೆ. ರೇಡಿಯೋ ಚೆನ್ನಾಗಿ ಮಾಡಿಸ್ಕೊಡ್ತೀನಿ, ನಮ್ಮ ಹುಡುಗೀನೇ ಇದಾಳೆ ಅಂತ ಹೇಳ್ಬಿಟ್ಟಿದೀನಿ."

"ಐವತ್ತು ದಾಟಿದೋಳು ಹುಡುಗಿ!"

"ನನಗೆ ಹುಡುಗೀನೇ. ಮನೇಲಿ ಗಡಿಯಾರದ ಜೊತೆ ಇನ್ನೆಷ್ಟು ಅಂತ ಮಾತಾಡ್ಲಿ ಹೇಳು. ಅದೂ ಒಂದೇ ಮಾತು ಹೇಳುತ್ತೆ."

ಕುರ್ಚಿಯ ಆಸೆ ಅವನ ಕಣ್ಣಲ್ಲಿ ದೀಪದ ಹಾಗೆ ಹೊತ್ತಿಕೊಂಡಿತ್ತು. ಅವಳು ಒಪ್ಪಿದಳು.

ಮೊದಲು ಹಿಂಬದಿಯ ಕವಚ ತೆಗೆದುಕೊಂಡಳು. ತೊಳೆದಾಗ ಹಳದಿಯ ನಡುವೆ ಅಲ್ಲಲ್ಲಿ ತಿಳಿಯಾದ ಮಚ್ಚೆಗಳು ಕಂಡವು. ಇದು ಅವಳಿಗೆ ಹೊಸದಲ್ಲ. ಯಂತ್ರದ ಮೇಲೆ ಯಾರೋ ಏನೋ ಅಂಟಿಸಿರುತ್ತಾರೆ; ಸುತ್ತಲಿನ ಪ್ಲಾಸ್ಟಿಕ್ಕು ಬೆಳಕಿಗೆ ಹಳದಿಯಾದರೂ ಚೀಟಿಯ ಅಡಿಯದು ಮೊದಲಿನ ಬಿಳುಪನ್ನೇ ಹಿಡಿದಿರುತ್ತದೆ. ಚೀಟಿ ಕಿತ್ತರೂ ಅದರ ಆಕಾರ ಉಳಿಯುತ್ತದೆ. ಅವಳು ಅದನ್ನು ನೆರಳು ಎನ್ನುತ್ತಾಳೆ. ನೆರಳು ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅಂಚುಗಳ ಹಳದಿಗೆ ಎರಡನೆಯ ಸಲ, ಮೂರನೆಯ ಸಲ ಕ್ರೀಮು ಬಳಿದು, ಸಂಜೆ ಹಾಳೆ ಬಿಡಿಸಿದಾಗ ಕವಚ ತೊಳೆದ ತಟ್ಟೆಯ ಹಾಗಿತ್ತು. ತನ್ನ ಕೈಚಳಕಕ್ಕೆ ತಾನೇ ಭೇಷ್ ಎಂದುಕೊಂಡಳು. ಬೇರೆ ಯಾರೂ ಇರಲಿಲ್ಲವಲ್ಲ.

ಮರುದಿನ ಮೇಲಿನ ಮುಚ್ಚಳ. ಇದರ ಮೇಲೆ ಜಿಡ್ಡು ಇನ್ನೂ ದಪ್ಪ. ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕುತ್ತ ಹೋದಂತೆ ಕಂದು ನೀರು ಇಳಿದು, ಹಳದಿ ಕಂಡಿತು, ಹಳದಿಯೊಳಗೆ ನೆರಳುಗಳು ಕಂಡವು. ಒಂದು ಮೀನು. ಒಂದು ಕತ್ತರಿ. ಒಂದು ಎಲೆ. ಮೂಲೆಯಲ್ಲಿ, ಕುಂಬಳಕಾಯಿಗೆ ಎರಡು ಕಿವಿ ಮೂಡಿದಂಥ ಒಂದು ಆಕಾರ.

ಬ್ರಷ್ಷು ಅಲ್ಲೇ ನಿಂತಿತು.

ಅದು ಬೆಕ್ಕು. ಅದಕ್ಕೆ ಬಾಲವಿಲ್ಲ. ಬಾಲ ಕತ್ತರಿಸುವಾಗ ಟೇಪು ಹರಿದುಹೋಗಿತ್ತು. ಹರಿದದ್ದು ಬಿಸಿಲಕ್ಕನ ಕೈಯಲ್ಲೇ. ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕ ಕತ್ತರಿ ಆಡಿಸುತ್ತಿದ್ದಳು, ಟೇಪಿನ ತುದಿ ಹಿಡಿದುಕೊಂಡವಳು ತಂಗಿ. "ಹೋಗ್ಲಿ ಬಿಡೇ, ಬಾಲ ಇಲ್ಲದ ಬೆಕ್ಕನ್ನ ಯಾರೂ ಹಿಡಿದು ಎಳೆಯೋಕಾಗಲ್ಲ" ಎಂದು ಅಕ್ಕ ನಕ್ಕಿದ್ದಳು. ನಕ್ಕು ಕೆಮ್ಮಿದ್ದಳು.

ಅಚ್ಚಿನ ವಿಭಾಗದ ಹೆಂಗಸರಲ್ಲಿ ಹಾಗೊಂದು ರೂಢಿಯಿತ್ತು. ಊಟದ ಕೋಣೆಯ ಕಿಟಕಿಯಲ್ಲಿ ಒಂದು ರೇಡಿಯೋ, ಅವರದೇ ಕೈಯ ಅಚ್ಚಿನಲ್ಲಿ ಮೂಡಿದ್ದು. ಹೊಸದಾಗಿ ಸೇರಿದವಳು ವರ್ಷ ತುಂಬಿದ ಮೇಲೆ ಪ್ಯಾಕಿಂಗಿನ ಬಿಳಿ ಟೇಪಿನಲ್ಲಿ ಒಂದು ಚಿತ್ರ ಕತ್ತರಿಸಿ ಅದರ ಮೇಲೆ ಅಂಟಿಸಬೇಕು. ಅಂಟಿಸಿದವಳಿಗೆ ಸರದಿಯಲ್ಲಿ ಸ್ಟೇಷನ್ ಬದಲಾಯಿಸುವ ಹಕ್ಕು. ಹೆಸರು ಬರೆದರೆ ಮೇಸ್ತ್ರಿಗೆ ಸಿಕ್ಕಿಬೀಳುತ್ತಾರೆ. ಮೀನು ಯಾರು, ಕತ್ತರಿ ಯಾರು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಬೆಂಕಿ ಹತ್ತದಿರಲೆಂದು ಪ್ಲಾಸ್ಟಿಕ್ಕಿಗೆ ಬೆರೆಸುತ್ತಿದ್ದ ಪುಡಿ ಕಾದು ಎಬ್ಬಿಸುವ ಹೊಗೆಯನ್ನು ದಿನವಿಡೀ ಕುಡಿಯುವವರು ಅವರು. ಅದೇ ಪುಡಿಯ ದೆಸೆಯಿಂದ ಈ ಪ್ಲಾಸ್ಟಿಕ್ಕು ಬೆಳಕಿಗೆ ಹಳದಿಯಾಗುತ್ತದೆ ಎಂಬುದನ್ನು ಬಿಸಿಲಕ್ಕ ಈ ಕಸುಬಿಗೆ ಬಂದ ಮೇಲೆ ತಿಳಿದಳು. ಹೆಂಗಸರನ್ನು ಓಡಿಸಿದ ದಿನ ಮೇಸ್ತ್ರಿ ಚಿತ್ರಗಳನ್ನೆಲ್ಲ ಉಗುರಿನಿಂದ ಕೆರೆದು ತೆಗೆದನಂತೆ. ಅಕ್ಕ ಅದನ್ನು ಹೇಳುವಾಗ ಅತ್ತಿದ್ದಳು. ಲಾಕರು ಒಡೆದದ್ದಕ್ಕೆ ಅಳದವಳು ಬೆಕ್ಕಿಗಾಗಿ ಅತ್ತಿದ್ದಳು.

ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ಕೂತವಳ ಕಣ್ಣು, ಗೋಡೆಗೆ ಒರಗಿಸಿಟ್ಟ ಹಿಂಬದಿಯ ಕವಚದ ಮೇಲೆ ಬಿತ್ತು.

ನಿನ್ನೆ ಅಲ್ಲೂ ನೆರಳುಗಳಿದ್ದವು. ಅವುಗಳಲ್ಲೊಂದು ಛತ್ರಿಯಂತಿತ್ತೇ? ಇನ್ನೊಂದು ಗುಂಡಗಿತ್ತು, ಚೆಂಡೋ, ಚಂದ್ರನೋ. ಅವಳು ಸರಿಯಾಗಿ ನೋಡಿರಲಿಲ್ಲ; ಕೆಲಸಗಾರ್ತಿಯ ಕಣ್ಣಿಗೆ ಅವು ಬರೀ ಕಲೆ. ಮೇಸ್ತ್ರಿಯ ಉಗುರಿಗೆ ಸಾಧ್ಯವಾಗದ್ದನ್ನು ಅವಳ ಕುಂಚ ಮಾಡಿ ಮುಗಿಸಿತ್ತು. ಕವಚವನ್ನು ಬೆಳಕಿಗೆ ಹಿಡಿದಳು, ಓರೆ ಮಾಡಿ ಹಿಡಿದಳು, ಒದ್ದೆ ಮಾಡಿ ಹಿಡಿದಳು. ಅಷ್ಟಗಲಕ್ಕೂ ಬಿಳುಪು. ಒಂದು ಗುಳ್ಳೆಯ ಮಚ್ಚೆಯೂ ಇಲ್ಲದ ಹಾಳು ಬಿಳುಪು. ಛತ್ರಿ ಯಾರದ್ದೆಂದು ಕೇಳೋಣವೆಂದರೆ ಆ ಹೆಂಗಸರಲ್ಲಿ ಬದುಕಿರುವ ಒಬ್ಬಳ ವಿಳಾಸವೂ ಅವಳಿಗೆ ಗೊತ್ತಿಲ್ಲ.

ಯಾರಿಗಾದರೂ ಹೇಳಬೇಕೆನಿಸಿ ಮೆಟ್ಟಿಲಿಳಿದಳು. ದರ್ಜಿಯ ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಏನಕ್ಕಾ, ಮುಖ ಒಂಥರಾ ಇದೆ?"

"ಏನಿಲ್ಲ. ಬಿಸಿಲು ಜಾಸ್ತಿ ಇವತ್ತು."

"ಅಯ್ಯೋ, ಮೀನು ನೀರು ಜಾಸ್ತಿ ಆಯ್ತು ಅಂದಂಗಾಯ್ತು!" ಎಂದು ಅವಳು ನಕ್ಕು ಯಂತ್ರ ತುಳಿಯತೊಡಗಿದಳು. ಬಿಸಿಲಕ್ಕ ಕಟಕಟ ಸದ್ದಿನಲ್ಲಿ ಸ್ವಲ್ಪ ಹೊತ್ತು ನಿಂತು, ಮತ್ತೆ ಮೇಲೆ ಹತ್ತಿದಳು.

ಆ ವಾರ ಬಿಸಿಲು ಚೆನ್ನಾಗಿಯೇ ಇತ್ತು. ಅವಳು ಕ್ರೀಮಿನ ಡಬ್ಬಿ ತೆರೆಯಲಿಲ್ಲ.

ಭಾನುವಾರ ಭಾವನ ಹಿಂದೆ ಪ್ರದರ್ಶನದ ಉಸ್ತುವಾರಿ ನೋಡಿಕೊಳ್ಳುವ ಹೆಣ್ಣುಮಗಳೂ ಬಂದಳು. ಸೌಮ್ಯ ಮುಖ, ಮೆಲುದನಿ. ಹಿಂಬದಿಯ ಕವಚ ನೋಡಿ ಕೈ ಮುಗಿದೇ ಬಿಟ್ಟಳು. "ಮ್ಯಾಜಿಕ್ ಇದು! ಇದರ ಮೇಲ್ಭಾಗ?"

ಬಿಸಿಲಕ್ಕ ಮುಚ್ಚಳವನ್ನು ಇಬ್ಬರ ಮುಂದೆ ಇಟ್ಟಳು. ಮೀನು, ಕತ್ತರಿ, ಎಲೆ, ಬೆಕ್ಕು. ಒಂದೊಂದನ್ನೂ ತೋರಿಸಿ, ಅಚ್ಚಿನ ವಿಭಾಗದ ಹೆಂಗಸರ ಕತೆ ಹೇಳಿದಳು. ಭಾವ ಕುರ್ಚಿಯಿಂದ ಬಗ್ಗಿ, ಬೆಕ್ಕಿನ ಮೇಲೆ ಹೆಬ್ಬೆರಳಿಟ್ಟ.

"ಇದಕ್ಕೆ ಕಿವಿ ಬಂದ ಕುಂಬಳಕಾಯಿ ಅಂತಿದ್ದೆ ನಾನು" ಎಂದ. "ಎರಡು ದಿನ ಮಾತು ಬಿಟ್ಟಿದ್ಳು."

"ಎಷ್ಟು ಚೆನ್ನಾಗಿದೆ!" ಎಂದಳು ಉಸ್ತುವಾರಿಯವಳು, ನಿಜವಾಗಿಯೂ ಕಣ್ಣರಳಿಸಿ. "ಇದನ್ನೂ ಹೇಳ್ಬಹುದು ಪ್ರದರ್ಶನದಲ್ಲಿ. ತಾಳಿ, ಮೇಲಿನವರನ್ನ ಕೇಳ್ತೀನಿ."

ಫೋನು ಹಿಡಿದು ತಾರಸಿಗೆ ಹೋದಳು. ಅವಳ ದನಿ ಉತ್ಸಾಹದಿಂದ ಶುರುವಾಗಿ, ತುಂಡಾಗಿ, ಬರೀ "ಸರಿ, ಸರಿ" ಆಗುವುದು ಒಳಗೆ ಕೇಳಿಸಿತು. ಬಂದವಳು ಮುಚ್ಚಳವನ್ನು ನೋಡದೆ ಮಾತಾಡಿದಳು.

"ಆ ವಿಷಯ ಬೇಡವಂತೆ. ಬೆಳ್ಳಗೇ ಮಾಡಿ. ಬೇಕಿದ್ರೆ ನಿಮಗೋಸ್ಕರ ಒಂದು ಫೋಟೋ ತೆಗೆದುಕೊಡ್ತೀನಿ."

"ಫೋಟೋ ನನ್ನ ಗೋಡೆಗೆ, ಬಿಳುಪು ನಿಮ್ಮ ಕುಟುಂಬಕ್ಕೆ. ಚೆನ್ನಾಗಿದೆ ಪಾಲು."

"ಪುಟ್ಟಿ" ಎಂದ ಭಾವ.

"ನೀನೇ ಹೇಳು ಭಾವ. ಬಾಗಿಲಲ್ಲಿ ಕೂತು ಶಾಲೆ ಮಕ್ಕಳಿಗೆ ಏನು ಹೇಳ್ತೀಯ? ಈ ರೇಡಿಯೋನ ಯಾರೂ ಮುಟ್ಟಿರ್ಲಿಲ್ಲ ಅಂತಾನಾ?"

"ಏನೋ ಒಂದು ಹೇಳ್ತೀನಿ. ಸುಮ್ನೆ ಕೂರೋದಕ್ಕಿಂತ ವಾಸಿ ಅಲ್ವಾ? ಬೆಕ್ಕು ನನಗೆ ನೆನಪಿದೆ, ನಿನಗೆ ನೆನಪಿದೆ. ಇಬ್ಬರಿಗೆ ನೆನಪಿದ್ರೆ ಸಾಲ್ದಾ?"

"ನಾವಿಬ್ಬರೂ ಹೋದ್ಮೇಲೆ?"

ಅವನು ಮೊಣಕಾಲಿನ ಮೇಲೆ ಕೈಯೂರಿ ಎದ್ದ. ಇಷ್ಟು ವರ್ಷಗಳಲ್ಲಿ ಅವನು ಅವಳ ಮೇಲೆ ದನಿ ಏರಿಸಿದವನಲ್ಲ.

"ಕ್ರೀಮು ಹಚ್ಚು. ಹಚ್ಚದೇ ಇದ್ರೆ ನಾನು ಇನ್ನೊಂದ್ಸಲ ಈ ಮೆಟ್ಟಿಲು ಹತ್ತಲ್ಲ. ನಿಮ್ಮಕ್ಕನ ಆಣೆ."

ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ, ಅವನು ಅಂಥ ಹಟಗಾರ. ಖಾಲಿ ಕುರ್ಚಿಯ ಎದುರು ಮಂಚದ ಅಂಚಿನಲ್ಲಿ ಕೂತ ಭಾನುವಾರಗಳು ಅವಳ ಕಣ್ಣ ಮುಂದೆ ಬಂದವು, ಒಂದರ ಹಿಂದೆ ಒಂದು, ಯಾರೂ ಹೆಸರು ಹಿಡಿದು ಕೂಗದ ಭಾನುವಾರಗಳು. ಕುಂಚ ಕೈಗೆಟುಕುವಷ್ಟು ಹತ್ತಿರವಿತ್ತು. ಹೊರಗೆ ತಾರಸಿ ಬೆಳ್ಳಗೆ ಕಾಯುತ್ತಿತ್ತು.

"ಹಚ್ಚಲ್ಲ ಭಾವ."

ಉಸ್ತುವಾರಿಯವಳು ಮುಜುಗರದಿಂದ ಎರಡೂ ಕೈ ಮುಂದೆ ಚಾಚಿದಳು. "ಆಯ್ತು, ನಿಮಗೆ ಕಷ್ಟ ಬೇಡ. ಮುಚ್ಚಳ ಕೊಡಿ. ಮೇಲೆ ಬಣ್ಣ ಹೊಡೆಸ್ತೀವಿ."

"ಕೊಡು ಪುಟ್ಟಿ" ಎಂದ ಭಾವ. "ಅದು ಅವರದ್ದು."

ಬಿಸಿಲಕ್ಕ ಮುಚ್ಚಳವನ್ನು ಮೇಜಿನಿಂದ ಎತ್ತಿಕೊಂಡು, ಚಿತ್ರಗಳಿರುವ ಮಗ್ಗುಲನ್ನು ಎದೆಗೆ ಒತ್ತಿ, ಎರಡೂ ತೋಳು ಸುತ್ತಿ ಹಿಡಿದು ನೆಲದ ಮೇಲೆ ಕೂತಳು.

"ಕೊಡೋದೂ ಇಲ್ಲ."