ಅಮ್ಮನ ರೇಡಿಯೊ ಪ್ಯಾನೆಲ್

ನನ್ನಣ್ಣನಿಗೆ ಹೊಳಪು ಅಂದರೆ ಪ್ರಾಣ. ಅಮ್ಮನಿಗಾಗಿ ಮನೆಯಲ್ಲೇ ರೇಡಿಯೊ ಕಟ್ಟುತ್ತಿದ್ದವನು, ಅದರ ಮುಂದಿನ ಪ್ಯಾನೆಲ್ ಕಪ್ಪಗೆ ಮಿರಮಿರ ಮಿಂಚಬೇಕು, ಅಕ್ಷರ ಬೆಳ್ಳಿ ಬಣ್ಣದಲ್ಲಿರಬೇಕು ಎಂದು ಪಟ್ಟು ಹಿಡಿದ. ಸ್ಕ್ರೀನ್ ಪ್ರಿಂಟಿಂಗ್ ನನ್ನ ಕಸುಬು. ಹದಿನೆಂಟು ವರ್ಷ ಕೈಯೆಲ್ಲ ಇಂಕು ಮಾಡಿಕೊಂಡವಳಿಗೆ ಬಣ್ಣದ ಪಾಠ ಹೇಳಲು ಬಂದರೆ ಮೈ ಉರಿಯುವುದಿಲ್ಲವೇ?

ಕಣ್ಣು ಮಂಜಾದ ಮೇಲೆ ಅಮ್ಮನಿಗೆ ಹಳೆಯ ರೇಡಿಯೊದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಸ್ಟೇಷನ್ ಬದಲಿಸಲು, ಸದ್ದು ತಗ್ಗಿಸಲು ನಮ್ಮನ್ನೇ ಕರೆಯಬೇಕಿತ್ತು. ಅದು ಅವಳಿಗೆ ಹಿಂಸೆ. ಈಚೆಗೆ ಕರೆಯುವುದನ್ನೇ ಬಿಟ್ಟು ಸುಮ್ಮನೆ ಕೂರುತ್ತಿದ್ದಳು. 

ಅಣ್ಣನದೊಂದು, ನನ್ನದೊಂದು ಎಂದು ಎರಡು ಅಲ್ಯೂಮಿನಿಯಂ ತುಂಡುಗಳ ಮೇಲೆ ಮಾದರಿ ಮಾಡಿ ಕಿಟಕಿಯ ಬಳಿ ಅಮ್ಮನ ಕೈಗಿತ್ತೆವು. ಅಣ್ಣನ ಕಪ್ಪು ತುಂಡನ್ನು ಅವಳು ಅತ್ತ ಇತ್ತ ಓರೆ ಮಾಡಿದಳು.

"ಬರೀ ಬೆಳಕೇ ಕಣ್ಣಿಗೆ ಹೊಡೀತಿದೆ ಕಣೋ. ಅಕ್ಷರ ಎಲ್ಲಿದೆ?"

ನನ್ನದು ಹೊಳಪಿಲ್ಲದ ಹಳದಿ, ಮೇಲೆ ದಪ್ಪ ಕಪ್ಪು ಅಕ್ಷರ. ಅದನ್ನು ತಡವರಿಸದೆ ಓದಿದಳು. ಅಣ್ಣ ಮುಖ ಹುಳ್ಳಗೆ ಮಾಡಿಕೊಂಡ. ನಾನು ಬೀಗಿದೆ, ಸುಳ್ಳು ಯಾಕೆ ಹೇಳಲಿ.

ಬೆರಳಿನ ಬೆವರಿಗೆ ಅಳಿಸಬಾರದೆಂದು ಒಣಗಿ ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಇಂಕನ್ನೇ ಆರಿಸಿದೆ. ಅಣ್ಣ ತೂತು ಕೊರೆದು ತಂದ ಹಳದಿ ಪ್ಯಾನೆಲ್ ಮೇಲೆ ಸ್ಕ್ರೀನ್ ಇಟ್ಟು ಇಂಕು ಎಳೆದ ಒಂದೇ ಸಲಕ್ಕೆ ಅಚ್ಚು ಬಿತ್ತು. ಎರಡು ದಿನ ಒಣಗಲು ಬಿಟ್ಟೆ. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು.

ಅಮ್ಮ ಯಾವುದನ್ನೇ ಆಗಲಿ ಉಗುರಿನಿಂದ ಕೆರೆದು ನೋಡುವವಳು. ಮೂಲೆಯಲ್ಲಿ ಕೆರೆದಳು. ತೆಳ್ಳನೆಯ ಪದರವೊಂದು ಎದ್ದಿತು. ಎಳೆದರೆ ಅಕ್ಷರಗಳೆಲ್ಲ ಅದರ ಜೊತೆಗೇ ಬಂದವು. ಗೀರು ಬೀಳದಿರಲೆಂದು ಹೊಸ ಅಲ್ಯೂಮಿನಿಯಂ ಹಾಳೆಗೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ಕನ್ನು ಅಣ್ಣ ಕಿತ್ತಿರಲಿಲ್ಲ, ನಾನೂ ನೋಡಿರಲಿಲ್ಲ. ನೀನು ನೋಡಬೇಕಿತ್ತು ಎಂದು ಅವನು, ನೀನು ಹೇಳಬೇಕಿತ್ತು ಎಂದು ನಾನು. ಅಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಎಷ್ಟೋ ತಿಂಗಳಾಗಿತ್ತು.

ಪ್ಲಾಸ್ಟಿಕ್ ಪೂರ್ತಿ ಕಿತ್ತು, ಒರೆಸಿ, ಮತ್ತೆ ಅಚ್ಚು ಹಾಕಿದೆ. ಈ ಸಲ ಅದು ಅಮ್ಮನ ಉಗುರಿಗೂ ಜಗ್ಗಲಿಲ್ಲ.

ಭಾನುವಾರ ಅಣ್ಣ ಪ್ಯಾನೆಲ್ ಕೂರಿಸಿ ಗುಂಡಿಗಳನ್ನು ಜೋಡಿಸಿದ. ಯಾವುದು ಯಾವುದಕ್ಕೆ ಎಂದು ಹೇಳಿಕೊಡಲು ಇಬ್ಬರೂ ಒಟ್ಟಿಗೇ ಬಾಯಿ ಹಾಕಿದೆವು. ಅಮ್ಮ ಕೈ ಎತ್ತಿ ತಡೆದಳು. ಮುಖ ಹತ್ತಿರ ಒಯ್ದು ಒಂದೊಂದನ್ನೇ ಓದಿದಳು. ಗುಂಡಿ ತಿರುಗಿಸಿ ಹಾಡು ಹುಡುಕಿದಳು. ಸದ್ದು ಏರಿಸಿದಳು, ಇನ್ನೂ ಏರಿಸಿದಳು. ನನಗೆ ಕಣ್ಣು ತುಂಬಿ ಬಂತು. ಅಣ್ಣ ಗೋಡೆ ಕಡೆ ತಿರುಗಿಕೊಂಡ.

"ಇನ್ನೂ ಯಾಕೆ ನಿಂತಿದೀರಿ ಇಬ್ರೂ?" ಅಂದಳು ಅಮ್ಮ. "ಹೋಗಿ, ನಿಮ್ಮ ಕೆಲಸ ನೋಡ್ಕೊಳ್ಳಿ. ನಾನು ಕರೆಯಲ್ಲ."